ಕಿರುಬೆರಳಿಗೆ ತಗುಲಿದ ಗೂಡ್ಸ್ ಗಾಡಿ

ಮೊನ್ನೆ ರಾತ್ರಿ ಎರಡೂವರೆಗೆ ನೀರು ಕುಡಿಯಲೆಂದು ಎದ್ದವನು ಅಪ್ಪನ ಲೈನ್ ಬಾಕ್ಸಿಗೆ, ಅಂದರೆ ರೈಲ್ವೆ ಗಾರ್ಡಾಗಿದ್ದ ಅವನು ಡ್ಯೂಟಿಗೆ ಒಯ್ಯುತ್ತಿದ್ದ ಸಾಮಾನಿನ ಪೆಟ್ಟಿಗೆಗೆ, ಎಡಗಾಲಿನ ಕಿರುಬೆರಳನ್ನು ಬಡಿಸಿಕೊಂಡೆ. ಯುಗಾದಿಯಿಂದೀಚೆಗೆ ಇದು ನಾಲ್ಕನೆಯ ಸಲ. ಒಂಟಿ ಕಾಲಿನಲ್ಲಿ ಕುಣಿಯುತ್ತ ನಾನು ಆಡಿದ ಮಾತು ಅಚ್ಚಿಗೆ ಕೊಡುವಂಥದ್ದಲ್ಲ. ಹೆಂಡತಿ ಮಲಗಿದಲ್ಲಿಂದಲೇ, "ಗುಜರಿಯವನು ಬುಧವಾರ ಬರುತ್ತಾನೆ" ಎಂದು ಹೇಳಿ ಮಗ್ಗುಲು ಬದಲಿಸಿದಳು. ಏನಾಯಿತು ಎಂದು ಕೇಳಲಿಲ್ಲ, ಅರಿಸಿನ ಹಚ್ಚಿಕೊಳ್ಳಿ ಎನ್ನಲಿಲ್ಲ, ನೇರವಾಗಿ ಗುಜರಿ.

ಅವಳ ಮಾತಿನಲ್ಲಿ ನ್ಯಾಯವಿದೆ. ಕಬ್ಬಿಣದ ಆ ಕರಿ ಪೆಟ್ಟಿಗೆ ನಡುಮನೆಯಿಂದ ಅಡುಗೆಮನೆಗೆ ಹೋಗುವ ದಾರಿಯಲ್ಲಿ ಇಪ್ಪತ್ತು ವರ್ಷಗಳಿಂದ ಕುಳಿತಿದೆ. ಸದ್ಯಕ್ಕೆ ಅದರೊಳಗಿರುವುದು ಗಣೇಶನ ಹಬ್ಬದ ಸೀರಿಯಲ್ ಲೈಟು ಮತ್ತು ಹಳೆಯ ಕರೆಂಟ್ ಬಿಲ್ಲುಗಳು. ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ಅಪ್ಪನ ಹೆಸರು, ಅದರ ಕೆಳಗೆ 'ಗಾರ್ಡ್', ಅದರ ಕೆಳಗೆ 'ಬಿಎವೈ'. ಬಳ್ಳಾರಿಗೆ ರೈಲ್ವೆಯವರು ಇಟ್ಟ ಮೂರಕ್ಷರ ಅದು. 2014ರಲ್ಲಿ ಊರಿನ ಇಂಗ್ಲಿಷ್ ಕಾಗುಣಿತವೇ ಬದಲಾಯಿತು; ನಮ್ಮ ಪೆಟ್ಟಿಗೆಯ ಮೂರಕ್ಷರ ಮಾತ್ರ ಜಪ್ಪೆನ್ನಲಿಲ್ಲ. ಮುಚ್ಚಳದ ಒಳಮೈಗೆ ಅಪ್ಪ ಒಂದು ರಸೀದಿಯನ್ನು ಅಂಟಿಸಿದ್ದ. ಕೀಲು ಮುರಿದು ರದ್ದಾದ ಪೆಟ್ಟಿಗೆಯನ್ನು ದುಡ್ಡು ಕಟ್ಟಿ ತಂದದ್ದಕ್ಕೆ ಸಾಕ್ಷಿ. ರೈಲ್ವೆಯ ಒಂದು ಮೊಳೆಯೂ ತನ್ನ ಮನೆಯಲ್ಲಿಲ್ಲ ಎಂಬುದು ಅವನ ದೊಡ್ಡ ಹೆಮ್ಮೆ. ನಮಗೆ ಆ ಹೆಮ್ಮೆಯಿಂದ ಆದ ಲಾಭ ಅಷ್ಟಕ್ಕಷ್ಟೆ. ಅಕ್ಕಪಕ್ಕದ ಕ್ವಾರ್ಟರ್ಸಿನ ಹುಡುಗರು ಗಾಡಿ ಮೇಲಿನಿಂದ ಬಿದ್ದ ಕಲ್ಲಿದ್ದಲನ್ನಾದರೂ ಆರಿಸಿ ತರುತ್ತಿದ್ದರು, ನಮಗೆ ಅದಕ್ಕೂ ಅಪ್ಪಣೆಯಿರಲಿಲ್ಲ.

ಈ ಪೆಟ್ಟಿಗೆಯನ್ನು ಗುಜರಿಗೆ ಹಾಕಬಾರದು ಎಂಬುದಕ್ಕೆ ನನ್ನಲ್ಲಿ ಒಂದು ಬಲವಾದ ಕಾರಣವಿದೆ. ಅದನ್ನು ಹೇಳುವುದಕ್ಕೆಂದೇ ಬರೆಯಲು ಕುಳಿತದ್ದು. ಅದಕ್ಕೆ ಮೊದಲು ರೈಲಿನ ಬಿಟ್ಟಿ ಪಾಸಿನ ವಿಷಯ ಮುಗಿಸಿಬಿಡುತ್ತೇನೆ.

ರೈಲ್ವೆಯವರ ಮಕ್ಕಳು ಎಂದೊಡನೆ ಜನ ಹೇಳುವುದು ಒಂದೇ ಮಾತು: "ನಿಮಗೇನು ಬಿಡಿ, ಪಾಸು!" ಐವತ್ತು ವರ್ಷಗಳಿಂದ ಕೇಳುತ್ತಿದ್ದೇನೆ, ಇನ್ನೂ ಮೈ ಉರಿಯುತ್ತದೆ. ಪಾಸೇನೋ ಇತ್ತು ಸ್ವಾಮಿ, ರಜೆ ಇರಲಿಲ್ಲ. ನಾವು ಏಳು ವರ್ಷ ಕಾಶಿಗೆ ಹೊರಟೆವು. ಪ್ರತಿ ವರ್ಷವೂ ಪಾಸು ಕ್ಯಾಲೆಂಡರಿನ ಹಿಂದೆ ಅವಧಿ ಮುಗಿಸಿಕೊಂಡು ಕೂರುತ್ತಿತ್ತು. ನಮ್ಮ ಕುಟುಂಬ ಪಾಸಿನಲ್ಲಿ ಮಾಡಿದ ಅತಿ ದೊಡ್ಡ ಪ್ರವಾಸವೆಂದರೆ ಗುಂತಕಲ್ಲಿನ ರೈಲ್ವೆ ಆಸ್ಪತ್ರೆಗೆ, ನನ್ನ ಟಾನ್ಸಿಲ್ ತೆಗೆಸಲು. ಅವ್ವ ಅದಕ್ಕೂ ಹೊಸ ಸೀರೆ ಉಟ್ಟು ಬಂದಿದ್ದಳು.

ಪಾಸಿನ ಮಾತಾಡುವವರಾರೂ ಕಾಲ್ ಬಾಯ್ ಬಗ್ಗೆ ಮಾತಾಡುವುದಿಲ್ಲ. ಹೆಸರಿಗೆ ಬಾಯ್; ನಮ್ಮಲ್ಲಿಗೆ ಬರುತ್ತಿದ್ದವನಿಗೆ ಮೊಮ್ಮಕ್ಕಳಿದ್ದರು. ನಡುರಾತ್ರಿ ಒಂದಕ್ಕೋ ಎರಡಕ್ಕೋ ಸೈಕಲ್ಲಿನಲ್ಲಿ ಬಂದು ಬಾಗಿಲು ಬಡಿದು, ಇಷ್ಟು ಗಂಟೆಗೆ ಗಾಡಿ ಎಂದು ಪುಸ್ತಕ ಮುಂದೆ ಹಿಡಿದು ಸಹಿ ಹಾಕಿಸಿಕೊಳ್ಳುತ್ತಿದ್ದ. ಹೊರಡಲು ಎರಡು ತಾಸು. ಅಷ್ಟರಲ್ಲಿ ಅವ್ವ ಎದ್ದು ಒಲೆ ಹಚ್ಚಿ, ರೊಟ್ಟಿ ಬಡಿದು, ಶೇಂಗಾ ಚಟ್ನಿಪುಡಿ ಕಟ್ಟಬೇಕು. ರಾತ್ರಿಯ ನಿಶ್ಶಬ್ದದಲ್ಲಿ ರೊಟ್ಟಿ ಬಡಿಯುವ ಸದ್ದು ಸಾಲಿನ ಹತ್ತೂ ಮನೆಗಳಿಗೆ ಕೇಳುತ್ತಿತ್ತು. ಯಾವ ಮನೆಯ ಗಂಡಸಿಗೆ ಡ್ಯೂಟಿ ಬಂತು ಎಂದು ಜನ ಹಾಸಿಗೆಯಲ್ಲೇ ತಿಳಿದುಕೊಳ್ಳುತ್ತಿದ್ದರು.

ಅಪ್ಪನ ಗಾಡಿ ಬಹುಮಟ್ಟಿಗೆ ಅದಿರಿನದು. ಹೊಸಪೇಟೆಯ ಕಡೆಯಿಂದ ತುಂಬಿಕೊಂಡು ಬಳ್ಳಾರಿಯ ಮೇಲೆ ಗುಂತಕಲ್ಲಿಗೆ, ಅಲ್ಲಿಂದ ಬೇರೆ ಗಾರ್ಡಿನ ಕೈಯಲ್ಲಿ ಮದ್ರಾಸಿನ ಬಂದರಿಗೆ. ಮುಂದಿನ ಅಷ್ಟೂ ವ್ಯಾಗನ್ನುಗಳ ಕೆಂಪು ಧೂಳು ಗಾಡಿಯ ಕೊನೆಯ ಡಬ್ಬಿಯಾದ ಬ್ರೇಕ್ ವ್ಯಾನಿನಲ್ಲಿ ಒಬ್ಬನೇ ಕುಳಿತವನ ಮೇಲೆ ಬರುತ್ತಿತ್ತು. ಒಳಗೊಂದು ಗಟ್ಟಿ ಬೆಂಚು; ಫ್ಯಾನಿಲ್ಲ, ದೀಪವಿಲ್ಲ, ಉಳಿದದ್ದು ಕೇಳಬೇಡಿ. ಅಪ್ಪನ ಬನಿಯನ್ನು ಎಷ್ಟು ಒಗೆದರೂ ಕಾವಿ ಬಣ್ಣ ಬಿಡುತ್ತಿರಲಿಲ್ಲ. ತಂತಿಯ ಮೇಲೆ ಒಣಗುತ್ತಿದ್ದುದನ್ನು ನೋಡಿ ಪಕ್ಕದ ಮನೆಯಾಕೆ ಒಮ್ಮೆ, "ನಿಮ್ಮವರು ಸನ್ಯಾಸ ತೆಗೆದುಕೊಂಡರೇನು?" ಎಂದಳಂತೆ. "ಸನ್ಯಾಸಿಯಾದರೆ ಮಠಕ್ಕೆ ಹೋದಾಗಲಾದರೂ ಸಿಗುತ್ತಿದ್ದರು" ಎಂದು ಅವ್ವ ಬಕೆಟ್ಟಿನ ಕೆಂಪು ನೀರನ್ನು ಬೇವಿನ ಮರಕ್ಕೆ ಸುರಿದಳು.

ಈ ಬೇವಿನ ಮರದ ಬುಡದಲ್ಲೇ ಅಕ್ಕನ ಮದುವೆ ಗೊತ್ತಾದದ್ದು. ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗುತ್ತದೆ.

ನಮ್ಮ ಕ್ವಾರ್ಟರ್ಸಿನ ಹಿಂದೆಯೇ ಹಳಿ. ಸ್ಟೇಷನ್ನಿನಲ್ಲಿ ಜಾಗವಿಲ್ಲದಿದ್ದರೆ ಗೂಡ್ಸ್ ಗಾಡಿಯನ್ನು ಹೊರಗೇ ಸಿಗ್ನಲ್ಲಿನ ಬಳಿ ನಿಲ್ಲಿಸುತ್ತಿದ್ದರು. ಎಂಜಿನ್ನು ಅಲ್ಲಿ ನಿಂತರೆ, ಅರ್ಧ ಕಿಲೋಮೀಟರು ಹಿಂದೆ ಬ್ರೇಕ್ ವ್ಯಾನು ನಮ್ಮ ಬೇವಿನ ಮರಕ್ಕೆ ಸರಿಯಾಗಿ ನಿಲ್ಲುತ್ತಿತ್ತು. ಮನೆಯ ಹಿತ್ತಲಿಗೆ ನಲವತ್ತು ಹೆಜ್ಜೆ. ಆದರೆ ಗಾರ್ಡಾದವನು ಗಾಡಿ ಬಿಟ್ಟು ಇಳಿದು ಮನೆಗೆ ಬರುವಂತಿಲ್ಲ. ಒಂದೊಂದು ದಿನ ಎರಡು ತಾಸು ಅಪ್ಪ ಅಲ್ಲಿ, ನಾವು ಇಲ್ಲಿ. ನಾನು ಮಜ್ಜಿಗೆ ತಂಬಿಗೆ ಹಿಡಿದು ಓಡುತ್ತಿದ್ದೆ. ನನ್ನ ಶಾಲೆಯ ಪ್ರಗತಿಪತ್ರಗಳ ಮೇಲೆ ಅಪ್ಪನ ಸಹಿಗಳೆಲ್ಲ ಬಿದ್ದದ್ದು ಬ್ರೇಕ್ ವ್ಯಾನಿನಲ್ಲೇ. ಗಣಿತದ ಅಂಕಗಳನ್ನು ಅವನು ಪೂರ್ತಿ ಓದುವ ಮೊದಲೇ ಗಾಡಿ ಹೊರಡಲಿ ಎಂದು ನಾನು ಪ್ರಾರ್ಥಿಸುತ್ತಿದ್ದೆ. ಎಷ್ಟೋ ಸಲ ಫಲಿಸಿದೆ.

1988ರ ಮೇ ತಿಂಗಳು. ಅಕ್ಕನನ್ನು ನೋಡಲು ಸಿಂಧನೂರು ತಾಲ್ಲೂಕಿನ ಒಂದು ಹಳ್ಳಿಯಿಂದ ಬಂದಿದ್ದರು. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಭತ್ತದ ಜಮೀನು, ಗಟ್ಟಿ ಕುಳ. ಹುಡುಗ, ಅವನ ಅಪ್ಪ, ಸೋದರಮಾವ, ಇಬ್ಬರು ಹೆಂಗಸರು, ಮತ್ತೆ ಒಬ್ಬ ಹಿರಿಯರು. ಈ ಹಿರಿಯರು ಯಾರಿಗೆ ಏನಾಗಬೇಕೆಂದು ಇವತ್ತಿಗೂ ಗೊತ್ತಿಲ್ಲ. ಆದರೆ ಮಾತೆಲ್ಲ ಅವರದೇ, ಮಿರ್ಚಿಯೂ ಹೆಚ್ಚಾಗಿ ಅವರದೇ. ಒಂಬತ್ತಕ್ಕೆ ಮನೆಯಲ್ಲಿರುತ್ತೇನೆ ಎಂದಿದ್ದ ಅಪ್ಪ ಹತ್ತೂವರೆಗೆ ಬಂದ. ಅಂದರೆ ಅವನ ಗಾಡಿ ಬಂದು ಬೇವಿನ ಮರದ ಬಳಿ ನಿಂತಿತು. ಬದಲಿ ಗಾರ್ಡು ಬಂದಿರಲಿಲ್ಲ, ಇವನೇ ಗುಂತಕಲ್ಲು ಮುಟ್ಟಿಸಿ ಬರಬೇಕಿತ್ತು.

ಅವ್ವ ಅಡುಗೆಮನೆಯ ಕಿಟಕಿಯಿಂದ ತೋರಿಸಿ, "ಅಗೋ, ಅವರೇ ಹುಡುಗಿಯ ತಂದೆ" ಎಂದಳು. ಬೀಗರಾಗಬೇಕಾದವರು ಇಣುಕಿದರು. ಅಪ್ಪ ದೂರದಿಂದಲೇ ಕೈ ಮುಗಿದ.

"ಒಳಗೆ ಕರೆಯಿರಿ ಮತ್ತೆ" ಎಂದರು ಹಿರಿಯರು.

"ಬರುವಂತಿಲ್ಲ."

"ಮನೆಗೆ ಬಾರದಷ್ಟು ಸಿಟ್ಟೇನು ತಾಯಿ? ನಾವಿದ್ದೇವೆ, ಬಗೆಹರಿಸೋಣ."

ರೈಲ್ವೆಯ ನಿಯಮವನ್ನು ಭತ್ತದ ಸೀಮೆಯವರಿಗೆ ತಿಳಿಸಿ ಹೇಳುವಷ್ಟರಲ್ಲಿ ಅವ್ವನ ಅರ್ಧ ಆಯುಷ್ಯ ಹೋಯಿತು. ಕೊನೆಗೆ, ಆತ ಬರುವಂತಿಲ್ಲದಿದ್ದರೆ ನಾವೇ ಹೋಗೋಣ ಎಂದು ಗಂಡಸರೆಲ್ಲ ಹಿತ್ತಲ ಬಾಗಿಲಿನಿಂದ ಹೊರಟರು. ಹಿರಿಯರು ಬಿಳಿ ಧೋತರದ ಚುಂಗು ಎತ್ತಿ ಹಿಡಿದು ಜಲ್ಲಿಕಲ್ಲುಗಳ ಮೇಲೆ ಬೆಕ್ಕಿನ ಹೆಜ್ಜೆ ಇಟ್ಟರು. ಹಿಂದೆ ನಾನು, ಉಪ್ಪಿಟ್ಟಿನ ತಟ್ಟೆಗಳ ಜೊತೆ.

ಬ್ರೇಕ್ ವ್ಯಾನಿನ ಕಟ್ಟೆ ಎತ್ತರ. ಅಪ್ಪ ನಿಂತರೆ ಅವನ ಬೂಟು ಬೀಗರ ಮುಖಕ್ಕೆ ಸರಿಯಾಗುತ್ತಿತ್ತು. ಹೆಣ್ಣು ಕೊಡುವವನು ಹೀಗೆ ಮೇಲೆ ನಿಲ್ಲುವುದುಂಟೇ? ಅಪ್ಪ ಮೆಟ್ಟಿಲಿನ ಮೇಲೆ ಕುಳಿತ, ಸಾಲದೆನ್ನಿಸಿ ಇನ್ನೊಂದು ಮೆಟ್ಟಿಲು ಇಳಿದು ಕುಳಿತ. ಕಂಕುಳಲ್ಲಿ ಸುತ್ತಿದ ಬಾವುಟಗಳು, ಕೈಯಲ್ಲಿ ಉಪ್ಪಿಟ್ಟಿನ ತಟ್ಟೆ. ಮನೆತನ, ಬೆಡಗು, ಮಳೆ, ಭತ್ತದ ಧಾರಣೆ ಎಲ್ಲ ಆಯಿತು. ಆಮೇಲೆ ಬೀಗರು ಗಂಟಲು ಸರಿಮಾಡಿಕೊಂಡು, "ಗಾರ್ಡ್ ಸಾಹೇಬರೇ, ಒಂದೇ ಮಾತು. ಮದುವೆ ನಮ್ಮೂರಲ್ಲೇ ಆಗಬೇಕು" ಎಂದರು.

ಅಪ್ಪನ ಮುಖ ಬದಲಾಯಿತು. ನಮ್ಮ ಬಂಧುಬಳಗವೆಲ್ಲ ರೈಲ್ವೆ: ಗದಗಿನಲ್ಲಿ ಪಾಯಿಂಟ್ಸ್‌ಮನ್, ರಾಯಚೂರಿನಲ್ಲಿ ಗೇಟ್‌ಮನ್, ಗುಂತಕಲ್ಲಿನ ಸುತ್ತ ಲೆಕ್ಕವಿಲ್ಲದಷ್ಟು ಗ್ಯಾಂಗ್‌ಮನ್‌ಗಳು. ಎಲ್ಲರೂ ಪಾಸಿನಲ್ಲಿ ಬಳ್ಳಾರಿಗೆ ಬಂದಿಳಿಯುತ್ತಾರೆ ಎಂಬ ಲೆಕ್ಕದ ಮೇಲೆ ಅವನು ಮದುವೆಯ ಖರ್ಚನ್ನು ಗುಣಿಸಿಟ್ಟಿದ್ದ. "ಹಾಗಲ್ಲ ಯಜಮಾನರೇ, ಸಿಂಧನೂರಿಗೆ ರೈಲೇ..." ಎಂದು ಬಾಯಿ ತೆರೆದ.

ಮುಂದೆ ಎಂಜಿನ್ನು ಕೂಗಿತು. ಹೊರಡಲು ಸಿಗ್ನಲ್ ಬಿದ್ದಿತ್ತು. ಅಪ್ಪನ ದೇಹ ಅಪ್ಪನ ಮಾತಿಗೆ ಕಾಯಲಿಲ್ಲ. ಅದು ಎದ್ದು ನಿಂತು, ಹೊರಗೆ ಬಾಗಿ, ಹಸಿರು ಬಾವುಟವನ್ನು ಬಿಚ್ಚಿ ಚೆನ್ನಾಗಿ ಬೀಸಿತು. ಕೊಂಡಿಗಳು ಮುಂದಿನಿಂದ ಹಿಂದಕ್ಕೆ ಒಂದೊಂದಾಗಿ ಜಗ್ಗಿಕೊಳ್ಳುತ್ತ ಬಂದು ಬ್ರೇಕ್ ವ್ಯಾನು ಮುಗ್ಗರಿಸಿದಂತೆ ಹೊರಟಿತು.

"ಒಪ್ಪಿದರು!" ಎಂದರು ಹಿರಿಯರು.

ಬೀಗರು ಎರಡೂ ಕೈ ಎತ್ತಿ ಮುಗಿದರು. ಅಪ್ಪ ಬಾವುಟ ಹಿಡಿದ ಕೈಯನ್ನೇ ಆಡಿಸುತ್ತ, "ಅಲ್ಲ, ಅದು ಡ್ರೈವರನಿಗೆ" ಎಂದೋ ಏನೋ ಕೂಗುತ್ತಿದ್ದ. ಅವನು ಕೈ ಆಡಿಸಿದಷ್ಟೂ ಹಸಿರು ಇನ್ನಷ್ಟು ಬೀಸಿತು. "ಎಂಥ ಉಮೇದು ನೋಡಿ, ದೊಡ್ಡ ಮನಸ್ಸಿನ ಮನುಷ್ಯ" ಎಂದು ಸೋದರಮಾವ ಕಣ್ಣೊರೆಸಿಕೊಂಡ. ಬಯಲಿನ ತಿರುವಿನಲ್ಲಿ ಗಾಡಿ ಮರೆಯಾಗುವವರೆಗೂ ಅವರು ಕೈ ಬೀಸಿದರು. ಉಪ್ಪಿಟ್ಟಿನ ತಟ್ಟೆ ಅಪ್ಪನ ಜೊತೆಗೇ ಹೋಯಿತು. ಅದು ಪಕ್ಕದ ಮನೆಯಿಂದ ಕಡ ತಂದ ತಟ್ಟೆ. ಆ ಚಿಂತೆ ನನಗೆ.

ಮರುದಿನ ಮಧ್ಯಾಹ್ನ ತಟ್ಟೆ ಹಿಡಿದು ಅಪ್ಪ ಮನೆಗೆ ಬರುವಷ್ಟರಲ್ಲಿ ಸಕ್ಕರೆ ಹಂಚಿ ಆಗಿತ್ತು, ಮುಹೂರ್ತ ಗೊತ್ತಾಗಿತ್ತು. ತನ್ನನ್ನು ಒಂದು ಮಾತು ಕೇಳದೆ ಒಪ್ಪಿ ಬಂದನೆಂದು ಅವ್ವ ಮೂರು ದಿನ ಮಾತು ಬಿಟ್ಟಳು. ಗಾಡಿ ನಡುದಾರಿಯಲ್ಲಿ ಕೆಟ್ಟು ನಿಂತರೆ ಗಾರ್ಡು ಹಿಂದಕ್ಕೆ ನಡೆದು 600 ಮೀಟರಿಗೆ ಒಂದು, 1200 ಮೀಟರಿಗೆ ಮೂರು ಪಟಾಕಿಗಳನ್ನು ಹಳಿಗೆ ಕಟ್ಟಬೇಕು. ಹಿಂದಿನಿಂದ ಬರುವ ಗಾಡಿಗೆ ಅದೇ ಎಚ್ಚರಿಕೆ. ಆ ಮೂರು ದಿನ ಅಪ್ಪ ಅಡುಗೆಮನೆಯಿಂದ ಅಷ್ಟೇ ದೂರದಲ್ಲಿ ಓಡಾಡಿದ. ಅಂದಹಾಗೆ, ಈ ಗಡಿಬಿಡಿಯಲ್ಲಿ ಹುಡುಗ ಹುಡುಗಿಯನ್ನು ನೋಡಿದನೋ ಇಲ್ಲವೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಭಾವ ನೋಡಿದೆ ಎನ್ನುತ್ತಾರೆ. ಅವರು ನೋಡಿದ್ದು ಬ್ರೇಕ್ ವ್ಯಾನನ್ನು ಎನ್ನುತ್ತಾಳೆ ಅಕ್ಕ.

ಮದುವೆಗೆ ಎರಡು ಬಸ್ಸು ಮಾಡಿದೆವು. ಉಳಿದವರು ತಾವೇ ಟಿಕೆಟ್ ಕೊಂಡು ಬಂದರು. ನಲವತ್ತರ ಮೇಲೆ ವಯಸ್ಸಾದ ಒಬ್ಬ ಗ್ಯಾಂಗ್‌ಮನ್ ಮಾವ ಬಸ್ಸಿನ ಟಿಕೆಟನ್ನು ಜೇಬಿನಿಂದ ತೆಗೆದು ಎಲ್ಲರಿಗೂ ತೋರಿಸಿದ, ಮುಯ್ಯಿ ಓದಿಸಿದವನ ಹಾಗೆ. ಅಪ್ಪ ಮಾತ್ರ, "ರೈಲು ಬರುತ್ತದೆ, ತಡಿ" ಎನ್ನುತ್ತಿದ್ದ. 1997-98ರಲ್ಲಿ ಸಿಂಧನೂರಿನ ಮೇಲೆ ಹಾಯುವ ಮುನಿರಾಬಾದ್–ಮೆಹಬೂಬ್‌ನಗರ ಮಾರ್ಗಕ್ಕೆ ಮಂಜೂರಾತಿ ಸಿಕ್ಕಾಗ ಆ ಪತ್ರಿಕೆಯ ತುಣುಕನ್ನು ಕತ್ತರಿಸಿ ಭಾವನಿಗೆ ಅಂಚೆಯಲ್ಲಿ ಕಳುಹಿಸಿದ. 2003ರಲ್ಲಿ, ಹುಬ್ಬಳ್ಳಿಯಲ್ಲಿ ನೈಋತ್ಯ ರೈಲ್ವೆ ಶುರುವಾದ ವರ್ಷ, ಅಪ್ಪ ನಿವೃತ್ತನಾದ. ರೈಲು ಗಂಗಾವತಿ, ಕಾರಟಗಿ ದಾಟಿ ಸಿಂಧನೂರು ಮುಟ್ಟಿದ್ದು 2024ರಲ್ಲಿ. ಅದು ಮಾರ್ಗ ಶುರುವಾಗುವ ಗಿಣಿಗೇರಾ ಬಿಡುವ ಮೊದಲೇ ಅಪ್ಪ ಹೊರಟುಹೋಗಿದ್ದ. ಅಕ್ಕ ಫೋನು ಮಾಡಿ, "ರೈಲು ಬಂತು ಕಣೋ" ಎಂದಳು. ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ. ಆಮೇಲೆ ಹೋಗೋಣವೆಂದು ನೋಡಿದರೆ ಆ ರೈಲಿನ ವೇಳೆ ನನಗೆ ಹೊಂದಲಿಲ್ಲ, ಬಸ್ಸಿಗೇ ಹೋದೆ.

2022ರಿಂದ ಗಾರ್ಡು ಎನ್ನುವಂತಿಲ್ಲ, ಟ್ರೈನ್ ಮ್ಯಾನೇಜರ್ ಎನ್ನಬೇಕು. ಗಾರ್ಡಿಗೇನಾಗಿತ್ತು? ಹೆಸರು ದೊಡ್ಡದಾದರೆ ಬೆಂಚು ಮೆತ್ತಗಾಗುತ್ತದೆಯೇ? ಪೆಟ್ಟಿಗೆಯ ಬದಲು ಟ್ರಾಲಿ ಬ್ಯಾಗೂ ಬರುತ್ತಿದೆಯಂತೆ. ಬರಲಿ. ಈ ಪೆಟ್ಟಿಗೆಯನ್ನು ತಲೆಯ ಮೇಲೆ ಹೊತ್ತವರ ಕುತ್ತಿಗೆಯನ್ನು ನಾನು ನೋಡಿದ್ದೇನೆ, ಅದರಲ್ಲಿ ನನ್ನದೇನೂ ತಕರಾರಿಲ್ಲ.

ಬುಧವಾರ ಗುಜರಿಯವನು ಬಂದ. ಪೆಟ್ಟಿಗೆಯ ಒಂದು ಕಿವಿ ಹಿಡಿದು ಎತ್ತಿ ನೋಡಿದ, ಬೆರಳಿನಿಂದ ತಟ್ಟಿದ, ತಗಡು ಒಳ್ಳೆಯದೆಂದ. ಅಷ್ಟರಲ್ಲಿ ಮುಚ್ಚಳದ ಬಿಳಿ ಅಕ್ಷರ ಕಣ್ಣಿಗೆ ಬಿತ್ತು. "ರೈಲ್ವೆ ಮಾಲಾ? ಬೇಡ ಸಾಹೇಬರೇ, ಪೊಲೀಸರು ನನ್ನನ್ನು ಒಳಗೆ ಹಾಕುತ್ತಾರೆ" ಎಂದು ಕೈಬಿಟ್ಟ. ನಾನು ಮುಚ್ಚಳ ತೆಗೆದು ರಸೀದಿ ತೋರಿಸಿದೆ. ಇಪ್ಪತ್ತೆರಡು ಮಳೆಗಾಲ ಕಂಡ ಶಾಯಿ. ಯಾರದೋ ಸಹಿಯ ಒಂದು ಸೊಂಡಿಲು ಬಿಟ್ಟರೆ ಅದರಲ್ಲೇನೂ ಉಳಿದಿರಲಿಲ್ಲ. ಅವನು ಅದನ್ನು ನೋಡಿದ, ನನ್ನನ್ನು ನೋಡಿದ, ತಕ್ಕಡಿ ಎತ್ತಿಕೊಂಡು ಹೋದ.

ಹೆಂಡತಿ ಏನೂ ಅನ್ನಲಿಲ್ಲ. ಸಂಜೆ ಇಬ್ಬರೂ ಸೇರಿ ಪೆಟ್ಟಿಗೆಯನ್ನು ಉದ್ದುದ್ದಕ್ಕೆ ತಿರುಗಿಸಿ ಎದುರಿನ ಗೋಡೆಗೆ ಒತ್ತಿ ಇಟ್ಟೆವು. ದಾರಿ ಈಗ ಅಗಲವಾಗಿದೆ ಎಂದು ಅವಳೇ ಎರಡು ಸಲ ಓಡಾಡಿ ತೋರಿಸಿದಳು. ರಾತ್ರಿ ನೀರಿಗೆದ್ದೆ. ಈ ಸಲ ಬಲಗಾಲು.