ಹಣೆಯ ಗಂಟು ಮತ್ತು ಫ್ರೆಂಚ್ ಡಾಕ್ಟರು

ನನ್ನ ಹಣೆಯ ಮೇಲೆ, ಕೂದಲು ಹಿಂದೆ ಸರಿಯುತ್ತಿರುವ ಗಡಿಯಲ್ಲಿ, ಅಡಿಕೆ ಗಾತ್ರದ ಕೊಬ್ಬಿನ ಗಂಟಿತ್ತು. ಮರುದಿನ ಅದನ್ನು ತೆಗೆಸಬೇಕು. ಹಿಂದಿನ ರಾತ್ರಿ ದೇವರಿಗೆ ಕೈಮುಗಿದು ಮಲಗಬೇಕಾದವನು ಜಾರ್ಜ್ ಫ್ರಾಂಜು ನಿರ್ದೇಶನದ 1960ರ ಫ್ರೆಂಚ್ ಸಿನಿಮಾ ‘ಐಸ್ ವಿದೌಟ್ ಎ ಫೇಸ್’ ಹಾಕಿಕೊಂಡು ಕೂತೆ.

ಅದರಲ್ಲೊಬ್ಬ ಹೆಸರಾಂತ ಸರ್ಜನ್. ಕಾರು ಅಪಘಾತದಲ್ಲಿ ಮಗಳ ಮುಖ ಹಾಳಾಗಿದೆ. ಕಂಡವರ ಹೆಣ್ಣುಮಕ್ಕಳನ್ನು ಮನೆಗೆ ತರಿಸಿ, ಮುಖದ ಚರ್ಮ ಸುಲಿದು ಮಗಳಿಗೆ ಕಸಿ ಮಾಡುತ್ತಾನೆ. ಹಾಗೆ ಸತ್ತವಳೊಬ್ಬಳ ಹೆಣ ತೋರಿಸಿ ‘ಇವಳೇ ನನ್ನ ಮಗಳು’ ಎಂದು ಅಂತ್ಯಕ್ರಿಯೆಯನ್ನೂ ಮುಗಿಸುತ್ತಾನೆ! ಇಷ್ಟಾದರೂ ಕಸಿ ಹಿಡಿಯುವುದಿಲ್ಲ, ಹೊಸ ಮುಖವೂ ಕೊಳೆಯುತ್ತದೆ. ಆ ಆಪರೇಷನ್ ದೃಶ್ಯವನ್ನಂತೂ ಕೇಳಬೇಡಿ. ಸಂಗೀತವಿಲ್ಲ, ಗಡಿಬಿಡಿಯಿಲ್ಲ. ಮೊದಲು ಪೆನ್ಸಿಲಿನಿಂದ ಮುಖದ ಸುತ್ತ ಗೆರೆ, ಆಮೇಲೆ ಅದೇ ಗೆರೆಯ ಮೇಲೆ ಚಾಕು. ಅಡುಗೆಭಟ್ಟರು ಮೈಸೂರುಪಾಕಿಗೆ ಗೆರೆ ಎಳೆಯುವಷ್ಟೇ ಸಮಾಧಾನ. ಎಡಿನ್‌ಬರೋ ಚಿತ್ರೋತ್ಸವದಲ್ಲಿ ಏಳು ಜನ ಮೂರ್ಛೆ ಹೋದರಂತೆ.

ಹೆಂಡತಿಯನ್ನು ಎಬ್ಬಿಸಿ, ‘ನಾಳೆ ನನ್ನ ಮುಖಾನೂ ಸುಲಿದು ಯಾರಿಗಾದ್ರೂ ಹಾಕಿಬಿಟ್ಟರೆ?’ ಎಂದೆ. “ರೀ, ನಿಮ್ಮ ಮುಖವನ್ನ ಆಧಾರ್ ಕ್ಯಾಮೆರಾನೇ ಮೂರು ಸಲ ಒಪ್ಪಲಿಲ್ಲ, ಇನ್ನೊಬ್ಬರ ಮೈ ಒಪ್ಪುತ್ತಾ? ಮಲಗಿ” ಎಂದು ಮಗ್ಗುಲಾದಳು.

ಬೆಳಿಗ್ಗೆ ಟೇಬಲ್ ಮೇಲೆ ಮಲಗಿದ್ದೇನೆ. ಮಾಸ್ಕ್ ಹಾಕಿದ ಡಾಕ್ಟರು ಫೈಲು ನೋಡಿ, ಮೆಲುದನಿಯಲ್ಲಿ, “ಪ್ಯಾಂಟು ಸಡಿಲ ಮಾಡಿ” ಅಂದರು.

“ಸರ್, ಗಂಟು ಹಣೇಲಿದೆ.”

“ಹರ್ನಿಯಾ ಹಣೇಲಿರುತ್ತೇನ್ರೀ?”

ಫೈಲಿನಲ್ಲಿದ್ದುದು ನನ್ನದೇ ಹೆಸರು, ವಯಸ್ಸು ಮಾತ್ರ 68. ನರ್ಸ್ ಹೊರಗೆ ಓಡಿದರು. ಬೆಂಚಿನ ಮೇಲಿದ್ದ ನನ್ನ ಹೆಸರಿನ ಹಿರಿಯರ ಮುಂದಲೆ ಆಗಲೇ ನುಣ್ಣಗಾಗಿತ್ತು! “ಹರ್ನಿಯಾಕ್ಕೆ ತಲೆ ಯಾಕಮ್ಮ ಬೋಳಿಸ್ತೀರಿ ಅಂತ ಕೇಳ್ದೆ, ಸುಮ್ನಿರಿ ಅಜ್ಜ ಅಂದ್ರು” ಎಂದು ಅವರು ನನ್ನನ್ನೇ ಕಳ್ಳನ ಹಾಗೆ ನೋಡಿದರು. ಪಾಪ, ಇದ್ದದ್ದೇ ನಾಲ್ಕು ಕೂದಲು.

ಫೈಲು ಅದಲುಬದಲಾಯಿತು. ಡಾಕ್ಟರು ಜೇಬಿನಿಂದ ಪೆನ್ನು ತೆಗೆದು, “ಒಂದು ಗೆರೆ ಹಾಕ್ಕೊಳ್ತೀನಿ” ಎಂದರು. ಆಮೇಲಿನದು ನನಗೆ ನೆನಪಿಲ್ಲ. ಎಡಿನ್‌ಬರೋದ ಲೆಕ್ಕಕ್ಕೆ ಎಂಟನೆಯವನಾಗಿ ಸೇರಿಕೊಂಡೆ. ಕಣ್ಣು ಬಿಟ್ಟಾಗ ಹಣೆಗೆ ಮೂರು ಹೊಲಿಗೆ ಬಿದ್ದಿತ್ತು, ನರ್ಸ್ ನನ್ನ ಮುಖಕ್ಕೆ ಫೈಲಿನಲ್ಲೇ ಗಾಳಿ ಹಾಕುತ್ತಿದ್ದರು. ಯಾರ ಫೈಲೋ.

ಅಂದ ಹಾಗೆ, ಸಿನಿಮಾದ ಕೊನೆಯಲ್ಲಿ ಆ ಸರ್ಜನ್‌ನ ಕತೆ ಮುಗಿಸುವುದು ಅವನು ಪ್ರಯೋಗಕ್ಕೆಂದು ಕೂಡಿಹಾಕಿದ್ದ ನಾಯಿಗಳು. ಆಸ್ಪತ್ರೆ ಗೇಟಿನ ಹತ್ತಿರವೂ ಐದಾರು ಬೀದಿನಾಯಿಗಳಿದ್ದವು. ಹೊಲಿಗೆ ಬಿಚ್ಚಿಸಲು ಮುಂದಿನ ವಾರ ಮತ್ತೆ ಬರಬೇಕಲ್ಲ ಎಂದು ಎದುರಿನ ಅಂಗಡಿಯಲ್ಲಿ ಎರಡು ಪ್ಯಾಕೆಟ್ ಬಿಸ್ಕತ್ತು ಕೊಂಡು ಅವಕ್ಕೆ ಹಾಕಿ ಬಂದೆ.