ಗಿಬ್ಸನ್, ಎಪಿಫೋನ್ ಒಂದೇ ಕಾರ್ಖಾನೆಯವಲ್ಲ

‘ಗಿಬ್ಸನ್, ಎಪಿಫೋನ್ ಎರಡೂ ಕಂಪನಿಗಳ ಲೆಸ್ ಪಾಲ್ ಎಂಬ ಮಾದರಿಯ ಎಲೆಕ್ಟ್ರಿಕ್ ಗಿಟಾರ್‌ಗಳೂ ಒಂದೇ ಕಾರ್ಖಾನೆಯಲ್ಲಿ ತಯಾರಾಗುತ್ತವೆ; ಗಿಬ್ಸನ್‌ಗೆ ಕೊಡುವ ಹೆಚ್ಚಿನ ಹಣ ಹೆಸರಿಗಷ್ಟೇ’ ಎಂಬ ಮಾತು ಗಿಟಾರ್ ಕಲಿಯುವವರ ನಡುವೆ ಹರಿದಾಡುತ್ತಿದೆ. ಇದು ಹಳಸಿದ ಅರ್ಧಸತ್ಯ. 1957ರಲ್ಲಿ ಗಿಬ್ಸನ್ ಕಂಪನಿ ಎಪಿಫೋನನ್ನು ಕೊಂಡ ಮೇಲೆ, 1960ರ ದಶಕದ ಕೊನೆಯವರೆಗೆ ಎರಡೂ ಹೆಸರಿನ ಗಿಟಾರ್‌ಗಳು ಅಮೆರಿಕದ ಕಲಮಜೂನಲ್ಲಿ ತಯಾರಾಗುತ್ತಿದ್ದವು. ಇಂದು ಗಿಬ್ಸನ್ ಲೆಸ್ ಪಾಲ್ ಬರುವುದು ಅಮೆರಿಕದ ನ್ಯಾಶ್‌ವಿಲ್‌ನಿಂದ, ಎಪಿಫೋನ್ ಲೆಸ್ ಪಾಲ್ ಹೆಚ್ಚಾಗಿ ಚೀನಾದಿಂದ.

ಹಾಗೆಂದು ದುಬಾರಿಯದ್ದು ಎಲ್ಲದರಲ್ಲೂ ಗಟ್ಟಿ ಎಂದುಕೊಳ್ಳಬೇಡಿ. ಗಿಬ್ಸನ್‌ನ ನೈಟ್ರೋಸೆಲ್ಯುಲೋಸ್ ಲ್ಯಾಕರ್ ಲೇಪ ತೆಳುವಾಗಿ ಚೆಂದ ಕಂಡರೂ ಅದರ ಮೇಲೆ ಬೇಗ ಗೀರು ಬೀಳುತ್ತದೆ. ಕೆಲವು ರಬ್ಬರ್ ಸ್ಟ್ಯಾಂಡ್ ತಾಗಿದರೂ ಕಲೆಯಾಗುತ್ತದೆ. ಎಪಿಫೋನ್‌ನ ಪಾಲಿಯುರಿಥೇನ್ ಲೇಪ ಇದನ್ನೆಲ್ಲ ತಡೆದುಕೊಳ್ಳುತ್ತದೆ. ಇನ್ನು ಗಿಬ್ಸನ್‌ನಲ್ಲಿ ಕುತ್ತಿಗೆಯಿಂದ ತಲೆಯವರೆಗೆ ಒಂದೇ ಮಹಾಗನಿ ತುಂಡು ಸಾಗುತ್ತದೆ. ತಲೆ 17 ಡಿಗ್ರಿ ಹಿಂದಕ್ಕೆ ಬಾಗುವಲ್ಲಿ ಮರದ ಎಳೆಗಳು ಅಡ್ಡಕ್ಕೆ ಕತ್ತರಿಸಿಹೋಗಿರುತ್ತವೆ, ಜೊತೆಗೆ ಕುತ್ತಿಗೆಯನ್ನು ನೇರವಾಗಿಡುವ ಲೋಹದ ಸರಳು, ಅಂದರೆ ಟ್ರಸ್ ರಾಡ್‌ಗಾಗಿ ಕೊರೆದ ಗುಳಿ ಬೇರೆ. ಬಿದ್ದರೆ ಮುರಿಯುವುದು ಅಲ್ಲೇ.

ಹೆಚ್ಚಿನ ಹಣ ಹೋಗುವುದು ಅಮೆರಿಕದ ಸಂಬಳಕ್ಕೆ, ಮರಕ್ಕೆ, ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಪಿಕಪ್‌ಗಳಿಗೆ (ಹೆಸರಿಗೂ ಹೌದು, ಇಲ್ಲವೆನ್ನಲಾರೆ). ಕೊಳ್ಳುವ ಮುನ್ನ ಕುತ್ತಿಗೆಯ ಮೇಲಿನ ಅಡ್ಡ ಲೋಹದ ಪಟ್ಟಿಗಳಾದ ಫ್ರೆಟ್‌ಗಳ ತುದಿಯ ಮೇಲೆ ಬೆರಳಾಡಿಸಿ ನೋಡಿ. ಅಗ್ಗದ ಗಿಟಾರ್‌ನಲ್ಲಿ ಕೈಬಿಟ್ಟ ಕೈಕೆಲಸ ಚುಚ್ಚುವುದು ಅಲ್ಲಿ.