ಬೆಳ್ಳಿ ಚಮಚಕ್ಕೊಂದು ಕೆಲಸ

ಊಟದ ಮೇಜಿನ ಮೇಲೆ ಬೆಳ್ಳಿಯಷ್ಟು ಕೆಲಸಕ್ಕೆ ಬಾರದ ಲೋಹ ಇನ್ನೊಂದಿಲ್ಲ. ಬೇಯಿಸಿದ ಮೊಟ್ಟೆಗೆ ಬೆಳ್ಳಿ ಚಮಚ ಹಾಕಿದರೆ ಅದರೊಳಗಿನ ಗಂಧಕ ತಾಗಿ ಚಮಚದ ಮುಖ ಕಪ್ಪಿಡುತ್ತದೆ. ಬೆಳ್ಳಿ ಬಟ್ಟಲಲ್ಲಿ ಉಪ್ಪು ತುಂಬಿಸಿ ಮರೆತರೆ ಉಪ್ಪು ಬಟ್ಟಲನ್ನೇ ತಿನ್ನತೊಡಗುತ್ತದೆ. ಹಳೆಯ ಸಿರಿವಂತರ ಉಪ್ಪಿನ ಬಟ್ಟಲುಗಳ ಒಳಮೈಗೆ ಚಿನ್ನದ ಲೇಪ ಇರುತ್ತಿದ್ದದ್ದು, ಇಲ್ಲವೇ ಒಳಗೊಂದು ನೀಲಿ ಗಾಜಿನ ಬಟ್ಟಲು ಕೂತಿರುತ್ತಿದ್ದದ್ದು ಬರೀ ಜಂಬಕ್ಕಲ್ಲ. ಇನ್ನು ಬಿಸಿ ಚಹಾ. ಲೋಹಗಳಲ್ಲೆಲ್ಲ ಶಾಖವನ್ನು ಎಲ್ಲಕ್ಕಿಂತ ಚೆನ್ನಾಗಿ ದಾಟಿಸುವುದು ಬೆಳ್ಳಿ. ಲೋಟಕ್ಕೆ ಚಮಚ ಇಳಿಬಿಟ್ಟು ಎರಡು ಮಾತಾಡುವಷ್ಟರಲ್ಲಿ ಹಿಡಿಯೂ ಚಹಾದಷ್ಟೇ ಬಿಸಿ. ಬೆಳ್ಳಿಯ ಟೀಪಾಟುಗಳಿಗೆ ಮರದ ಹಿಡಿ ಹಾಕುವುದು ಇದೇ ಕಾರಣಕ್ಕೆ. ಮೊದಲ ಸಲ ಊಟಕ್ಕೆ ಬಂದ ಅಳಿಯನ ಹಾಗೆ ಇದು: ಅದು ಆಗುವುದಿಲ್ಲ, ಇದು ಒಗ್ಗುವುದಿಲ್ಲ, ಏನೂ ಕೊಡದೆ ಸುಮ್ಮನೆ ಬಿಟ್ಟರೂ ಮುಖ ಕಪ್ಪು.

ಹಾಗಿದ್ದೂ ಜನ ಶತಮಾನಗಳಿಂದ ಬೆಳ್ಳಿಯಲ್ಲೇ ತಟ್ಟೆ, ಬಟ್ಟಲು, ಚಮಚ ಮಾಡಿಸಿಕೊಂಡು ಬಂದಿದ್ದಾರೆ. ದುಡ್ಡಿದ್ದವರ ಹುಚ್ಚು ಎಂದು ನಾನು ನಂಬಿಕೊಂಡಿದ್ದೆ. ಬೆಳ್ಳಿ ಪಾತ್ರೆ ಮಾಡುವುದನ್ನು ಕಲಿಸುವ ಒಂದು ಚಿಕ್ಕ ಕೋರ್ಸಿಗೆ ಸೇರಿದ ಮೇಲೆ ಆ ನಂಬಿಕೆ ಸಡಿಲವಾಯಿತು. ಈಗ ನನ್ನ ಅನುಮಾನವೇ ಬೇರೆ. ಬೆಳ್ಳಿ ಪಾತ್ರೆ ಹುಟ್ಟಿದ್ದು ಉಣ್ಣುವವನ ಸುಖಕ್ಕಲ್ಲ, ಬಡಿಯುವವನ ಸುಖಕ್ಕೆ.

ಕೋರ್ಸಿಗೆ ಬಂದವರ ಪೈಕಿ ಒಬ್ಬರು ಹಲ್ಲಿನ ವೈದ್ಯೆ, ಒಬ್ಬರು ನಿವೃತ್ತ ಲೆಕ್ಕಪರಿಶೋಧಕರು, ಮಿಕ್ಕವರು ಕಂಪ್ಯೂಟರಿನ ಮುಂದೆ ಕೂತು ಕೂತು ಕೈಗೆ ಏನಾದರೂ ಗಟ್ಟಿಯಾದದ್ದು ಸಿಕ್ಕರೆ ಸಾಕು ಎನ್ನುತ್ತಿದ್ದವರು. ಎಲ್ಲರ ತಲೆಯಲ್ಲೂ ಒಂದೊಂದು ಹೂಜಿ, ಒಂದೊಂದು ದೀಪದ ಕಂಬ. ಮೇಷ್ಟ್ರು ಎಲ್ಲವನ್ನೂ ಸಮಾಧಾನದಿಂದ ಕೇಳಿಸಿಕೊಂಡು, ಎಲ್ಲರ ಕೈಗೂ ಒಂದೊಂದು ತಾಮ್ರದ ತಗಡು ಕೊಟ್ಟರು. ಮೊದಲು ತಾಮ್ರ, ಆಮೇಲೆ ಬೆಳ್ಳಿ, ಅದೂ ಚಮಚ ಮತ್ತು ಪುಟ್ಟ ಬಟ್ಟಲು, ಅಷ್ಟೇ. ಹೂಜಿಗಳು ಅಲ್ಲಿಗೇ ಕರಗಿದವು.

ಪಾತ್ರೆಗೆ ಬಳಸುವ ಬೆಳ್ಳಿ ಅಪ್ಪಟ ಬೆಳ್ಳಿಯಲ್ಲ. ಅಪ್ಪಟ ಬೆಳ್ಳಿ ತೀರ ಮೆದು, ದಿನಬಳಕೆಗೆ ನಿಲ್ಲುವುದಿಲ್ಲ. ಸಾವಿರಕ್ಕೆ 925 ಪಾಲು ಬೆಳ್ಳಿ, ಉಳಿದದ್ದು ಹೆಚ್ಚಾಗಿ ತಾಮ್ರ, ಇದು ಸ್ಟರ್ಲಿಂಗ್. ಈ ಬೆರಕೆಯ ಸ್ವಭಾವ ವಿಚಿತ್ರ. ಬಡಿದಷ್ಟೂ ಬಾಗುತ್ತದೆ, ಬಾಗಿದಷ್ಟೂ ಬಿಗಿಯುತ್ತದೆ. ಮೊದಮೊದಲು ಸುತ್ತಿಗೆಯ ಕೆಳಗೆ ಮಂಕಾಗಿ ದಬ್ ದಬ್ ಎನ್ನುವುದು ಬರಬರುತ್ತಾ ಠಣ್ ಎನ್ನತೊಡಗುತ್ತದೆ. ಆಗ ನಿಲ್ಲಿಸಬೇಕು. ಮೊಂಡುತನ ಮಾಡಿ ಇನ್ನೂ ನಾಲ್ಕು ಬಾರಿಸಿದರೆ ಅಂಚು ಬಿರಿಯುತ್ತದೆ. ನಿಲ್ಲಿಸಿ ಕಾಯಿಸಬೇಕು, ಸುಮಾರು 600ರಿಂದ 650 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಲೋಹ ಮತ್ತೆ ಮೆದುವಾಗುತ್ತದೆ. ಬಡಿ, ಕಾಯಿಸು, ತಣಿಸು, ಮತ್ತೆ ಬಡಿ. ಪುಟ್ಟ ಬಟ್ಟಲೊಂದು ಮುಗಿಯುವ ಹೊತ್ತಿಗೆ ಈ ಸುತ್ತು ಎಷ್ಟು ಸಲ ಆಗುತ್ತದೆಂದು ಲೆಕ್ಕಪರಿಶೋಧಕರು ಮಾತ್ರ ಬರೆದಿಟ್ಟುಕೊಂಡಿದ್ದರು.

ಇಷ್ಟು ಡಿಗ್ರಿ ಆಯಿತು ಎಂದು ಗೊತ್ತಾಗುವುದಾದರೂ ಹೇಗೆ? ಕಣ್ಣಿನಿಂದ. ಬೆಳ್ಳಿ ಆ ಹದಕ್ಕೆ ಬಂದಾಗ ಮಸುಕು ಮಸುಕಾಗಿ ಕೆಂಪೇರುತ್ತದೆ. ಹಗಲು ಬೆಳಕಿನಲ್ಲಿ ಆ ಕೆಂಪು ಕಾಣುವುದೇ ಇಲ್ಲ, ಕಂಡಾಗ ಮಿತಿ ಮೀರಿರುತ್ತದೆ. 800 ದಾಟಿದರೆ ಸ್ಟರ್ಲಿಂಗ್ ಕರಗಲು ಶುರು. ಅದಕ್ಕೇ ಕಾಯಿಸುವ ಮೂಲೆಯನ್ನು ಕತ್ತಲು ಮಾಡಿರುತ್ತಾರೆ. ಹೊಸಬರಿಗೆ ಒಂದು ಉಪಾಯವೂ ಉಂಟು: ತಗಡಿನ ಮೇಲೆ ಮಾರ್ಕರ್ ಪೆನ್ನಿನಲ್ಲಿ ಒಂದು ಗೆರೆ ಎಳೆದು ಬೆಂಕಿ ಹಿಡಿಯುವುದು, ಗೆರೆ ಮಾಯವಾದರೆ ಹದ ಬಂದಂತೆ. ವೈದ್ಯೆ ಮಾತ್ರ ಕೊನೆಕೊನೆಗೆ ಗೆರೆ ಎಳೆಯುವುದನ್ನು ಬಿಟ್ಟರು. ಕಣ್ಣು ಕಿರಿದು ಮಾಡಿ ಆ ಮೂಲೆಯಲ್ಲಿ ನಿಂತು, ‘ಬಂತು’ ಎಂದು ತಮಗೆ ತಾವೇ ಹೇಳಿಕೊಳ್ಳುವಾಗ ಅವರ ಮುಖದಲ್ಲಿ ಇರುತ್ತಿದ್ದ ಸಂತೋಷ ಯಾವ ಊಟದ ಮೇಜಿನಲ್ಲೂ ನಾನು ಕಂಡದ್ದಲ್ಲ.

ಕಾಯಿಸಿದ ಬೆಳ್ಳಿ ಮಸಿ ಹಿಡಿದು ಹೊರಬರುತ್ತದೆ. ಅದನ್ನು ತೆಳುವಾದ ಆಮ್ಲದಲ್ಲಿ ಅದ್ದಿಡಬೇಕು. ಇಲ್ಲಿ ಒಂದು ಕಟ್ಟುನಿಟ್ಟಿನ ಮಡಿ ಇದೆ: ಆಮ್ಲಕ್ಕೆ ಕಬ್ಬಿಣ ಮುಟ್ಟಬಾರದು. ಅದುವರೆಗೆ ಅದ್ದಿದ ಪಾತ್ರೆಗಳಿಂದ ಕರಗಿ ಬಂದ ತಾಮ್ರ ಆ ನೀರಿನಲ್ಲಿ ಇರುತ್ತದೆ. ಕಬ್ಬಿಣದ ಚಿಮಟ ಇಳಿಬಿಟ್ಟರೆ ಆ ತಾಮ್ರ ಹೋಗಿ ಬೆಳ್ಳಿಯ ಮೇಲೆ ಕೂತು, ಬಟ್ಟಲು ಗುಲಾಬಿ ಬಣ್ಣ ತಳೆಯುತ್ತದೆ. ಹಾಗಾಗಿ ತಾಮ್ರದ ಚಿಮಟ. ಮೇಷ್ಟ್ರು ದನಿ ಎತ್ತರಿಸುತ್ತಿದ್ದದ್ದು ಇದೊಂದಕ್ಕೇ.

ಬಟ್ಟಲು ಮಾಡುವುದು ಚಮಚಕ್ಕಿಂತ ಸುಲಭ ಎಂದರೆ ಯಾರೂ ನಂಬುವುದಿಲ್ಲ. ಮರದ ದಿಮ್ಮಿಯಲ್ಲಿ ಒಂದು ಕುಳಿ. ಅದರ ಮೇಲೆ ದುಂಡಗೆ ಕತ್ತರಿಸಿದ ತಗಡು ಇಟ್ಟು ಉಂಡೆಮುಖದ ಸುತ್ತಿಗೆಯಿಂದ ಸುತ್ತಲೂ ತಗ್ಗಿಸುತ್ತಾ ಬಂದರೆ ಬಟ್ಟಲಿನಂಥದ್ದೊಂದು ಆಗುತ್ತದೆ. ಅಂಚಿನಲ್ಲಿ ನೆರಿಗೆ ಬೀಳುತ್ತವೆ, ಮಡಚಿಕೊಳ್ಳುವ ಮುನ್ನ ಅವನ್ನು ಬಡಿದು ಅಡಗಿಸಬೇಕು. ಆಳ ಹೆಚ್ಚು ಬೇಕಾದರೆ ಉಕ್ಕಿನ ಗೂಟದ ಮೇಲೆ ಬೋರಲು ಹಾಕಿ ಹೊರಗಿನಿಂದ ಬಡಿಯಬೇಕು. ಇದು ನಾನು ಕಂಡ ಸೋಜಿಗ. ಹೊರಗಿನಿಂದ ಬಡಿದರೆ ತಗಡು ತೆಳ್ಳಗಾಗುತ್ತದೆ ಎಂದುಕೊಳ್ಳುತ್ತೇವೆ. ಆದರೆ ಗೋಡೆ ಒಳಕ್ಕೆ ಒತ್ತರಿಸಿಕೊಳ್ಳುತ್ತಾ ಮೇಲೇಳುತ್ತದೆ, ಅಂಚು ಮೊದಲಿಗಿಂತ ದಪ್ಪವೂ ಆಗಬಹುದು. ಬೆಸುಗೆ ಇಲ್ಲ, ಅಚ್ಚು ಇಲ್ಲ. ಚಪ್ಪಟೆ ಬಿಲ್ಲೆಯೊಂದು ಹೂಜಿಯಾಗುವುದು ಹೀಗೆ.

ಚಮಚದ ಕಷ್ಟವೇ ಬೇರೆ. ಅದು ದಪ್ಪ ಪಟ್ಟಿಯಿಂದ ಹುಟ್ಟಬೇಕು. ಅಡ್ಡಮೂತಿಯ ಸುತ್ತಿಗೆ ತಾಗಿದ ಗೆರೆಗೆ ಅಡ್ಡವಾಗಿ ಲೋಹ ಸರಿಯುತ್ತದೆ. ಹಾಗಾಗಿ ಒಂದು ತುದಿಯನ್ನು ಅಗಲಕ್ಕೆ, ಇನ್ನೊಂದನ್ನು ಉದ್ದಕ್ಕೆ ಓಡಿಸುವುದು ಏಟಿನ ದಿಕ್ಕಿನಲ್ಲೇ ಇದೆ. ಬಾಯಿಗೆ ತಾಗುವ ಅಂಚು ತೆಳ್ಳಗಿರಬೇಕು, ಆದರೆ ತುಟಿ ಕೊಯ್ಯಬಾರದು. ಹಿಡಿ ಬಂದು ಕುಳಿಗೆ ಸೇರುವ ಕುತ್ತಿಗೆಯಲ್ಲೇ ಅತಿ ಹೆಚ್ಚು ದಪ್ಪ ಉಳಿಯಬೇಕು, ಭಾರವೆಲ್ಲ ಬೀಳುವುದು ಅಲ್ಲಿ. ಹೊಸಬರ ಕೈ ಮಾತ್ರ ಸರಿಯಾಗಿ ಕುತ್ತಿಗೆಯನ್ನೇ ಹುಡುಕಿಕೊಂಡು ಹೋಗಿ ಸವೆಸುತ್ತದೆ. ಅಂದಿನಿಂದ ನಾನು ಎಲ್ಲಿ ಚಮಚ ಸಿಕ್ಕರೂ ಬೆರಳಿನ ಮೇಲೆ ನಿಲ್ಲಿಸಿ ತೂಗಿ, ಕುತ್ತಿಗೆ ಒತ್ತಿ ನೋಡುತ್ತೇನೆ. ಅತಿಥಿಯಾಗಿ ಹೋದ ಮನೆಯಲ್ಲಿ ಇದು ಒಳ್ಳೆಯ ನಡತೆ ಅನ್ನಿಸಿಕೊಳ್ಳುವುದಿಲ್ಲ.

ಕೊನೆಯದು ನಯಬಡಿತ. ಕನ್ನಡಿಯಂತೆ ಉಜ್ಜಿದ ಚಪ್ಪಟೆ ಮುಖದ ಸುತ್ತಿಗೆಯಿಂದ, ಒಂದು ಏಟಿನ ಮೇಲೆ ಅರ್ಧ ಇನ್ನೊಂದು ಏಟು ಬೀಳುವಂತೆ, ಹಗುರವಾಗಿ ಮೈಯೆಲ್ಲ ತಟ್ಟುತ್ತಾ ಹೋಗುವುದು. ಸುತ್ತಿಗೆಯ ಮುಖದಲ್ಲಿ ಕೂದಲೆಳೆಯಷ್ಟು ಗೀರು ಇದ್ದರೂ ಅದು ಪ್ರತಿ ಏಟಿಗೂ ಬೆಳ್ಳಿಯ ಮೇಲೆ ನಕಲಾಗುತ್ತದೆ. ಹಾಗಾಗಿ ಪಾತ್ರೆಗಿಂತ ಮೊದಲು ಸುತ್ತಿಗೆಗೆ ಪಾಲಿಶ್. ಈ ಹೊತ್ತಿಗೆ ಎಲ್ಲರೂ ಮಾತು ನಿಲ್ಲಿಸಿದ್ದರು. ಲೆಕ್ಕಪರಿಶೋಧಕರು ಊಟದ ಬಿಡುವನ್ನೂ ಬಿಟ್ಟು ತಟ್ಟುತ್ತಿದ್ದರು. ಚಮಚ ಮಾಡುತ್ತಾ ಊಟ ಮರೆತ ಮನುಷ್ಯನನ್ನು ನೋಡಿದ ಮೇಲೂ ಬೆಳ್ಳಿ ಯಾರ ಸುಖಕ್ಕೆ ಎಂದು ನನ್ನನ್ನು ಯಾರೂ ಕೇಳಬಾರದು.

ಲೆಕ್ಕಪರಿಶೋಧಕರ ಸಂಕಟ ತೂಕದ್ದು. ಪಟ್ಟಿ ತಂದಾಗ ಇದ್ದ ತೂಕ ಚಮಚವಾದ ಮೇಲೆ ಇರಲಿಲ್ಲ. ‘ಉಳಿದದ್ದು ಎಲ್ಲಿ ಸರ್?’ ಎಂದರು. ಮೇಷ್ಟ್ರು ಮೇಜಿನ ಕೆಳಗೆ ತೊಡೆಯ ಮೇಲೆ ಬೀಳುವಂತೆ ಕಟ್ಟಿದ್ದ ತೊಗಲಿನ ಜೋಳಿಗೆ ತೋರಿಸಿದರು. ಅರ ಉಜ್ಜಿದ ಪುಡಿ, ಗರಗಸದ ಚೂರು ಎಲ್ಲ ಅಲ್ಲಿ. ಕರಗಿಸಿದರೆ ಮತ್ತೆ ಬೆಳ್ಳಿ. ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ ಎಂಬ ಗಾದೆಗೆ ಈ ಜೋಳಿಗೆಯೂ ಒಂದಿಷ್ಟು ಕಾರಣವಿರಬಹುದು.

ಗಾದೆ ನಮ್ಮದು, ಅನುಮಾನ ಎಲ್ಲ ಕಡೆಯದು. ಪರೀಕ್ಷಿಸಿ ಚಿರತೆಯ ತಲೆಯ ಗುರುತು ಒತ್ತದೆ ಯಾವ ಬೆಳ್ಳಿ ಪಾತ್ರೆಯೂ ಕೆಲಸಗಾರನ ಕೈಬಿಟ್ಟು ಹೋಗಕೂಡದೆಂದು ಇಂಗ್ಲೆಂಡಿನಲ್ಲಿ 1300ರಲ್ಲೇ ಕಾನೂನಾಗಿತ್ತು. 1697ರಲ್ಲಿ ಅವರದು ಇನ್ನೊಂದು ತಲೆನೋವು: ಜನ ನಾಣ್ಯ ಕರಗಿಸಿ ಪಾತ್ರೆ ಮಾಡಿಸಿಕೊಳ್ಳುತ್ತಿದ್ದಾರೆ. ಪಾತ್ರೆಯ ಬೆಳ್ಳಿ ನಾಣ್ಯಕ್ಕಿಂತ ಹೆಚ್ಚು ಶುದ್ಧವಾಗಿರಲೇಬೇಕೆಂದು ಅಳತೆಯನ್ನು ಸಾವಿರಕ್ಕೆ 958ಕ್ಕೆ ಏರಿಸಿದರು. 1720ರಲ್ಲಿ ಹಳೆಯ ಅಳತೆ ವಾಪಸು ಬಂತು, ಜೊತೆಗೆ ತೂಕದ ಮೇಲೆ ತೆರಿಗೆಯೂ ಬಂತು. ಕೆಲವು ಅಕ್ಕಸಾಲಿಗಳು ತಕ್ಷಣ ದಾರಿ ಹುಡುಕಿದರು. ಪುಟ್ಟದೊಂದು ವಸ್ತುವಿಗೆ ಮುದ್ರೆ ಹಾಕಿಸಿ, ಸಣ್ಣ ತೆರಿಗೆ ಕಟ್ಟಿ, ಆ ಮುದ್ರೆಯನ್ನೇ ಕತ್ತರಿಸಿ ದೊಡ್ಡ ಪಾತ್ರೆಯ ತಳಕ್ಕೆ ಬೆಸೆದರು. ಬಿಳಿಗಾರ ಹಚ್ಚಿ ಒಂದು ಬೆಸುಗೆಯನ್ನು ಗೆರೆ ಕಾಣದಂತೆ ಹರಿಸುವುದು ಎಷ್ಟು ಕಷ್ಟವೆಂದು ತಿಳಿದ ಮೇಲೆ ಆ ಕಳ್ಳರ ಕೈಚಳಕಕ್ಕೆ ತಲೆದೂಗದೆ ಇರಲಾರೆ.

ನಾಣ್ಯ ಪಾತ್ರೆಯಾಗುತ್ತದೆ, ಕಷ್ಟ ಬಂದಾಗ ಪಾತ್ರೆ ನಾಣ್ಯವಾಗುತ್ತದೆ. ಫ್ರಾನ್ಸಿನ ಹದಿನಾಲ್ಕನೆಯ ಲೂಯಿ 1689ರಲ್ಲಿ ಯುದ್ಧದ ಖರ್ಚಿಗೆಂದು ವರ್ಸೇಲ್ಸ್ ಅರಮನೆಯ ಬೆಳ್ಳಿಯ ಮೇಜುಗಳನ್ನೇ ಕರಗಿಸಿಬಿಟ್ಟ. ತೂಕಕ್ಕೆ ಬೆಲೆ ಸಿಕ್ಕಿತು. ಏಟುಗಳಿಗೆ ಏನು ಸಿಕ್ಕೀತು?

ಉಣ್ಣುವವನ ಪರವಾಗಿಯೂ ಒಂದು ಮಾತು ಆಡಬೇಕು, ಇಲ್ಲದಿದ್ದರೆ ಅನ್ಯಾಯ. ಹುಳಿಗೆ ಬೆಳ್ಳಿ ಅಂಜುವುದಿಲ್ಲ, ಬಾಯಿಗೆ ಲೋಹದ ರುಚಿ ಹತ್ತಿಸುವುದಿಲ್ಲ. ಆಗಿನ ಉಕ್ಕಿನ ಚಾಕುಗಳು ಒರೆಸದೆ ಬಿಟ್ಟರೆ ತುಕ್ಕು ಹಿಡಿಯುತ್ತಿದ್ದವು. ಶೆಫೀಲ್ಡಿನ ಹ್ಯಾರಿ ಬ್ರಿಯರ್ಲಿ 1913ರಲ್ಲಿ ಬಂದೂಕಿನ ನಳಿಗೆಗೆ ಒಳ್ಳೆಯ ಉಕ್ಕು ಹುಡುಕುತ್ತಾ ತುಕ್ಕು ಹಿಡಿಯದ ಉಕ್ಕು ಮಾಡಿದ ಮೇಲೆ ಊಟದ ಮೇಜಿನಲ್ಲಿ ಬೆಳ್ಳಿಗೆ ಉಳಿದಿದ್ದ ಆ ಒಂದು ಸಬೂಬೂ ಹೋಯಿತು. ಸ್ಟೀಲ್ ಚಮಚ ಮೊಟ್ಟೆಗೂ ಸೈ, ಉಪ್ಪಿಗೂ ಸೈ, ತೊಳೆಯುವ ಯಂತ್ರಕ್ಕೂ ಸೈ. ಆದರೆ ಅದನ್ನು ಸುತ್ತಿಗೆಯಲ್ಲಿ ಬಡಿದು ಮಾಡಲು ಹೋಗಿ ನೋಡಿ. ಸಂಜೆಗೆ ಭುಜ ಮಾತಾಡುತ್ತದೆ.

ಕೋರ್ಸಿನ ಕೊನೆಗೆ ಎಲ್ಲರೂ ಕೇಳಿದ್ದು ಒಂದೇ: ಹೊಳಪು ಉಳಿಯುವುದು ಹೇಗೆ? ಬೀರುವಿನಲ್ಲಿ ಸುತ್ತಿಡಬೇಡಿ, ಬಳಸಿ, ಬಳಸಿ ತೊಳೆದಿಟ್ಟ ಬೆಳ್ಳಿ ಬೇಗ ಕಪ್ಪಾಗುವುದಿಲ್ಲ ಎಂದರು ಮೇಷ್ಟ್ರು. ಬಳಸಿದಷ್ಟೂ ಬೀಳುವ ಸಣ್ಣ ಗೀರುಗಳೇ ಒಂದಕ್ಕೊಂದು ಸೇರಿ ಹೊಸದಕ್ಕಿಲ್ಲದ ಒಂದು ಮೆತ್ತನೆಯ ಹೊಳಪು ಕೊಡುತ್ತವೆಯಂತೆ. ವೈದ್ಯೆ ಅದನ್ನು ಕೇಳಿಸಿಕೊಂಡು, ತಮ್ಮ ಚಮಚವನ್ನು ಮೂರು ಪದರ ಬಟ್ಟೆಯಲ್ಲಿ ಸುತ್ತಿ ಚೀಲಕ್ಕಿಟ್ಟರು.

ನಾನು ಬಳಸುವುದೆಂದೇ ತೀರ್ಮಾನಿಸಿದೆ. ಆದರೆ ಯಾವುದಕ್ಕೆ? ಮೊಟ್ಟೆ ಆಗದು, ಉಪ್ಪು ಆಗದು, ಬಿಸಿ ಚಹಾ ಆಗದು. ಒಂದೊಂದನ್ನೇ ತಳ್ಳಿಹಾಕುತ್ತಾ ಬಂದರೆ ಅಡುಗೆಮನೆಯಲ್ಲಿ ಉಳಿದದ್ದು ಸಕ್ಕರೆ ಡಬ್ಬಿ ಒಂದೇ. ಗಂಧಕವಿಲ್ಲ, ತೇವವಿಲ್ಲ, ಬಿಸಿಯಿಲ್ಲ. ಚಮಚ ಅಲ್ಲಿ ನೆಮ್ಮದಿಯಾಗಿದೆ. ಬಂದವರೆಲ್ಲ ಚಹಾಕ್ಕೆ ಸಕ್ಕರೆ ಬೇಡ ಅನ್ನುವ ಕಾಲ ಇದು ಎಂಬುದೊಂದೇ ತೊಂದರೆ. ಅರ್ಧ ಚಮಚವಾದರೂ ಹಾಕಿಕೊಳ್ಳಿ, ಕುತ್ತಿಗೆ ಹೇಗಿದೆ ನೋಡಿ ಎಂದು ನಾನೇ ಡಬ್ಬಿ ತೆರೆದು ಮುಂದೆ ಹಿಡಿಯುತ್ತೇನೆ.